ಹಳೇ ಗಿರಾಕಿಯ ತಕರಾರು

ಮನೆಯಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಹಡಗಿನ ಎಂಜಿನ್ ಕೋಣೆಯ ಸೆಕೆಗೆ ಬೆನ್ನ ತುಂಬ ಎದ್ದಿದ್ದ ಬೆವರುಸಾಲೆ ಇಳಿಯಿತೇ? ನಾವು ಚೆನ್ನಾಗಿದ್ದೇವೆ. ಅಪ್ಪನಂತೂ ನನಗಿಂತ ಗಟ್ಟಿ, ಯಾಕೆಂದು ಕೇಳು.

ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ನಮ್ಮ ತಂತ್ರಾಂಶವಿದೆಯಲ್ಲ, ಅಪ್ಪನಿಗೆಂದು ನಿನ್ನ ದನಿಯಲ್ಲಿ ಮಾಡಿ, ಆಮೇಲೆ ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಪುಕ್ಕಟೆ ಬಿಟ್ಟದ್ದು? ಅದರ ಒಳರಚನೆಯನ್ನೇ ಬದಲಿಸಲು ಹೊರಟಿದ್ದೆವು. ಕಂಪ್ಯೂಟರಿನೊಳಗಿನ ನಿನ್ನ ದನಿ ತೆಗೆದುಹಾಕಿ, ನಯವಾದ ಹೊಸ ದನಿಯನ್ನು ಇಂಟರ್‌ನೆಟ್ಟಿನಿಂದ ತರಿಸುವುದು. ಇಂಥದ್ದನ್ನೆಲ್ಲ ನಾವು ಮೂವರು ಗೆಳತಿಯರೇ ಬಾಗಿಲು ಹಾಕಿಕೊಂಡು ತೀರ್ಮಾನಿಸುತ್ತಿದ್ದೆವು. ಈ ಸಲ ಮೂವರಲ್ಲಿ ನೀನು 'ಕನ್ನಡಕ' ಎಂದು ಕರೆಯುವವಳು ಹಟ ಹಿಡಿದಳು: "ಒಳಗಿರೋರನ್ನ ಕೇಳ್ದೆ ಗೋಡೆ ಒಡೀಬಾರ್ದು ಕಣೇ." ಸರಿ, ಬದಲಾವಣೆಯ ನಕ್ಷೆಯನ್ನು ಬಳಸುವವರೆಲ್ಲರಿಗೂ ಕಾಣುವಂತೆ ಇಂಟರ್‌ನೆಟ್ಟಿನಲ್ಲಿ ಹಾಕಿದೆವು. ಜನ ಮುಗಿಬಿದ್ದರು ನೋಡು! ಹೊಗಳಿದವರು, ಬೈದವರು, ತಮ್ಮದೇ ನಕ್ಷೆ ಬರೆದು ಕಳಿಸಿದವರು. 'ಹಳೇ ಗಿರಾಕಿ' ಎಂದು ಹೆಸರಿಟ್ಟುಕೊಂಡ ಒಬ್ಬನಂತೂ ನನ್ನ ತಲೆ ತಿಂದ. ನೆಟ್ ಹೋದರೆ ನನಗೆ ಓದಿ ಹೇಳುವವರಾರು ಎಂದು ಒಂದೇ ರಾಗ. ರೇಗಿಹೋಗಿ, ಹಳೆಯದಕ್ಕೇ ಜೋತುಬೀಳಬೇಡಿ ಸ್ವಾಮೀ ಎಂದು ತಂಡದ ಹೆಸರಿನಲ್ಲಿ ಬರೆದೆ. ಕಳಿಸಿದ್ದೇ ತಡ, ಪಕ್ಕದ ಕೋಣೆಯಿಂದ ನಿನ್ನ ದನಿ ಅದನ್ನೇ ಗಟ್ಟಿಯಾಗಿ ಓದಿತು! ಹಿಂದೆಯೇ ಅಪ್ಪನ ಗೊಣಗಾಟ: "ಯಾವನೋ ಇವ್ನು, ನನಗೇ ಬುದ್ಧಿ ಹೇಳೋಕೆ ಬಂದ!"

ಬಾಗಿಲಲ್ಲಿ ನಿಂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ತನ್ನ ಅಂಗಡಿ ಮುಚ್ಚಿದ ಮೇಲೆ ಮೂಲೆ ಹಿಡಿದಿದ್ದ ಅಪ್ಪ ಗಿರಾಕಿಯ ಹಾಗೆ ಚೌಕಾಸಿ ಮಾಡುತ್ತಿದ್ದಾನೆ! ಆಮೇಲೆ ನೆಟ್ ಕಿತ್ತು ಹೊಸ ಮಾದರಿಯನ್ನು ನಡೆಸಿ ನೋಡಿದೆ. ತುಟಿಪಿಟಕ್ಕೆನ್ನಲಿಲ್ಲ. ಎಷ್ಟು ಮನೆಗಳಲ್ಲಿ ಹೀಗಾಗುತ್ತಿತ್ತೋ! ಸದ್ಯ, ಕಟ್ಟುವ ಮೊದಲೇ ಗೊತ್ತಾಯಿತು, ಎದೆ ಹಗುರಾಯಿತು ಕಣೋ. ನಕ್ಷೆ ತಿದ್ದಿದ್ದೇವೆ. ನಿನ್ನ ದನಿ ಇದ್ದಲ್ಲೇ ಇರುತ್ತದೆ, ಹೊಸದು ಬೇಕಾದವರಿಗಷ್ಟೇ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪನ ಆಶೀರ್ವಾದವನ್ನೂ ಇದರ ಜೊತೆಗೇ ಮಡಚಿ ಕಳಿಸುತ್ತಿದ್ದೇನೆ.

ನಿನ್ನ
ಅಕ್ಕ

ತಾ.ಕ.: ತಿದ್ದಿದ ನಕ್ಷೆಗೆ ಎಲ್ಲರ ಒಪ್ಪಿಗೆಯೂ ಬಂತು, ಹಳೇ ಗಿರಾಕಿಯದೊಂದು ಬಿಟ್ಟು. ಈಗ ಹೊಸ ತಕರಾರು: ನಿನ್ನ ದನಿ ತುಂಬ ಹಳೆಯದಾಯಿತಂತೆ, ಇನ್ನೊಮ್ಮೆ ಮುದ್ರಿಸಬೇಕಂತೆ. ಹಡಗಿನಿಂದ ಕಳಿಸಿದರೆ ನಡೆಯುವುದಿಲ್ಲವಂತೆ, ತನ್ನ ಪಕ್ಕದಲ್ಲೇ ಕೂತು ಓದಬೇಕಂತೆ. ಬೇಗ ರಜೆ ಹಾಕು.