ಗೆರ್ನೋಟ್ ಬರೆದ ಮೀನು

ಫ್ರೈಬರ್ಗ್,
9 ನವೆಂಬರ್ 2024

ಪ್ರೀತಿಯ ಹೆನ್ನಿಂಗ್,

ನಿನಗೂ ಮಾರ್ಲೀಸಳಿಗೂ ನನ್ನ ನೆನಪುಗಳು. ಬೇಸಿಗೆಯಲ್ಲಿ ಬರೆದ ಕಾಗದಕ್ಕೆ ಚಳಿಗಾಲದ ಹೊಸಿಲಲ್ಲಿ ಉತ್ತರ ಕೊಡುತ್ತಿದ್ದೇನೆ, ಬೈದುಕೊಳ್ಳಬೇಡ. ಮಾರ್ಲೀಸ್ ಕೇಳಿದ್ದ ಐಯರ್‌ಶೆಕೆ ಕೇಕಿನ ಅಳತೆಯನ್ನು ಬೇರೆ ಚೀಟಿಯಲ್ಲಿ ಇಟ್ಟಿದ್ದೇನೆ. ಮೊಸರುಗಿಣ್ಣನ್ನು ಹಿಂದಿನ ದಿನವೇ ಬಟ್ಟೆಯಲ್ಲಿ ಕಟ್ಟಿ ನೀರಿಳಿಸಲು ಹೇಳು. ನಿಮ್ಮ ರೋಸ್ಟಾಕ್‌ನ ಗಿಣ್ಣು ಬರೀ ನೀರು ಎಂದು ನೀನೇ ದೂರುತ್ತಿದ್ದೆಯಲ್ಲ.

ನಮ್ಮ ಗುಜರಿ ಶೆಡ್ಡಿನಲ್ಲಿ ಈಗ ಪ್ಲಾಟಿನಂಗಾಗಿ ಸುಡುವ ಕೆಲಸ ನಿಂತಿದೆ. ನೀನೂ ನನ್ನ ಗೆರ್ನೋಟನೂ ದುಡಿದ, ಬಸ್ಸು ಓಡಿಸುವ ಇಂಧನಕೋಶದ ಕಾರ್ಖಾನೆಯಿಂದ ಬರುವ ಅಂಚಿನ ಚೂರು, ಕೆಟ್ಟ ಹಾಳೆ ಎಲ್ಲವನ್ನೂ ಸ್ಪಿರಿಟ್ ಬೆರೆಸಿದ ಬಿಸಿನೀರಿನಲ್ಲಿ ನೆನೆಹಾಕುತ್ತೇವೆ. ಪ್ಲಾಟಿನಂ ಬೆರೆತ ಕಪ್ಪು ಮಸಿ ಬೇರೆ, ಹಾಳೆ ಬೇರೆ ಆಗಿ ಎರಡೂ ಕೈಗೆ ಸಿಗುತ್ತವೆ. ಗಂಟಲು ಕೆರೆಯುವ ಆ ಹಾಳು ಹೊಗೆ ಇಲ್ಲ. ಈ ವಯಸ್ಸಿನಲ್ಲೂ ಕೆಲಸ ಬಿಡದೆ ಇದ್ದದ್ದಕ್ಕೆ ಇದನ್ನಾದರೂ ನೋಡಿದೆ.

ಇನ್ನೊಂದನ್ನೂ ನೋಡಿದೆ. ಅದಕ್ಕೇ ಈ ಕಾಗದ. ಮಂಗಳವಾರದ ಮಾತು.

ಅವತ್ತು ಕಾರ್ಖಾನೆಯಿಂದ ಟಾರ್ಸ್ಟೆನ್ ಲಾರಿ ತಂದು ನಿಲ್ಲಿಸಿ ನಕ್ಕ. “ಏನಮ್ಮಾ ಆನೆಗ್ರೆಟ್, ದಿನಾ ಚೂರುಪಾರು ಹಾಕ್ತೀನಿ ಅಂತ ಗೊಣಗ್ತಿದ್ಯಲ್ಲ, ಇವತ್ತು ಮದುವೆ ಊಟಾನೇ ತಂದಿದೀನಿ ನೋಡು” ಎಂದ. ಪೆಟ್ಟಿಗೆಯಲ್ಲಿ, ಹಾಳೆಯ ಮೇಲೆ ಹಾಳೆ ಪೇರಿಸಿ ಬಿಗಿದ ಇಡೀ ಕೋಶದ ಅಟ್ಟಿಗಳೇ ಇದ್ದವು. ಒಂದು ದಿನವೂ ಓಡಿದವಲ್ಲ. “ಪರೀಕ್ಷೆ ಕೋಣೆ ಹಿಂದಿನ ಉಗ್ರಾಣ ಖಾಲಿ ಮಾಡ್ತಿದಾರೆ. ಅಲ್ಲಿ ಪರೀಕ್ಷೆ ಮಾಡ್ತಿದ್ದಾಗ ನಿಮ್ಮ ಹೆನ್ನಿಂಗ್ ‘ಮಾದರಿ’ ಅಂತ ಚೀಟಿ ಅಂಟಿಸಿ ಇಟ್ಟಿದ್ದಂತೆ, ಯಾರೂ ಮುಟ್ಟಿರಲಿಲ್ಲ” ಎಂದ.

ಮೇಲಿನದರ ಬೋಲ್ಟು ಬಿಚ್ಚಿ ಮುಚ್ಚಳದ ತಟ್ಟೆ ಎತ್ತಿದೆ. ಒಳಮೈಯಲ್ಲಿ ಮೀನು. ಅಟ್ಟಿ ಜೋಡಿಸುವವರೆಲ್ಲ ಅಲ್ಲಿ ಗುರುತೂ ತಾರೀಖೂ ಬರೆಯುತ್ತಿದ್ದರಲ್ಲ, ಗೆರ್ನೋಟನದು ಆ ಡೊಂಕು ಬಾಲದ ಮೀನು. ಪಕ್ಕದಲ್ಲಿ “ಆನಿಗೆ” ಎಂದಿತ್ತು, ಅವನ ಬಾಯಲ್ಲಿ ನಾನು ಆನಿ. ಅವನು ಕೊನೆಯದಾಗಿ ಜೋಡಿಸಿದ್ದು. ಅವನನ್ನು ಮಣ್ಣು ಮಾಡಿದ ದಿನ ಚರ್ಚಿನ ಬಾಗಿಲಲ್ಲಿ ನೀನು ನನ್ನ ಕೋಟಿನ ತೋಳು ಹಿಡಿದು, “ನಿನ್ನ ಹೆಸರು ಬರೆದದ್ದು ಬೆಟ್ಟದ ಬಡಾವಣೆ ಬಸ್ಸಲ್ಲಿ ಓಡ್ತಿದೆ ಕಣೆ, ದಿನಾ ಅವನ ಜೊತೇಲೇ ಮನೆಗೆ ಹೋಗು” ಅಂದಿದ್ದೆಯಲ್ಲ, ಅದೇ.

ನಾನು ಹೋದೆ, ಹೆನ್ನಿಂಗ್. ಇಷ್ಟು ವರ್ಷವೂ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತೆ. ಡ್ರೈವರಿಗೂ ಗೊತ್ತು. “ಹತ್ತಿ ಅಮ್ಮಾ, ನಿಮ್ಮ ಯಜಮಾನ್ರು ಇವತ್ತು ಹುಷಾರಾಗಿದಾರೆ, ಏರಲ್ಲಿ ಏದುಸಿರೇ ಇಲ್ಲ” ಎಂದು ತಮಾಷೆ ಮಾಡುತ್ತಿದ್ದ. ಮಂಗಳವಾರ ನಾನು ನಡೆದೇ ಮನೆಗೆ ಹೋದೆ.

ಮರುದಿನ ಅಟ್ಟಿಯನ್ನು ನಾನೇ ಬಿಚ್ಚಿದೆ. ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಪ್ರತಿ ಹಾಳೆಯ ಮೂಲೆಯ ನೀಲಿ ಚುಕ್ಕೆ ಮೇಲಿರಬೇಕು, ಹೊರಳಿದರೆ ಕೋಶ ಕೆಟ್ಟಿತು ಎಂದು ನನಗೂ ಗೊತ್ತು. ಹೊಸಬರಿಗೆ ಗೆರ್ನೋಟ್, “ಪ್ಯಾನ್‌ಕೇಕ್ ಮಗುಚೋ ಆಟ ಅಲ್ಲ ಕಣ್ರೋ ಇದು” ಎಂದು ಗದರುತ್ತಿದ್ದ. ನಡುವಿನಲ್ಲಿ ಒಂದು ಹಾಳೆಯ ಚುಕ್ಕೆ ಕೆಳಗಿತ್ತು. ಇಟ್ಟವನು ಗೆರ್ನೋಟ್.

ತಟ್ಟೆಯ ಮೇಲೆ ಅಕ್ಟೋಬರ್ ತಾರೀಖು. ಆ ವಾರವೇ ಅಲ್ಲವೇ ಅವನು ಮೆಟ್ಟಿಲಲ್ಲಿ ಬಿದ್ದದ್ದು. ತಲೆಯೊಳಗೆ ಗಡ್ಡೆ ಎಂದರು. ಬೇಸಿಗೆಗೆ ಮುಂಚೆ ಬಂದಿದ್ದರೆ ತೆಗೆಯಬಹುದಿತ್ತು ಎಂದರು. ಬರಲು ನಮಗೇನು ಗೊತ್ತಿತ್ತು? ಒಂದು ತಲೆನೋವೂ ಇರಲಿಲ್ಲ ಅವನಿಗೆ.

ಸುಳ್ಳು ಹೇಳಿದೆಯೆಂದು ಎರಡು ದಿನ ನಿನ್ನ ಮೇಲೆ ಕೆಂಡದಂಥ ಸಿಟ್ಟಿತ್ತು. ಆಮೇಲೆ ಯೋಚಿಸಿದೆ. ಸಾಯುವವನ ಒಂದು ತಪ್ಪು ಊರಿಗೆಲ್ಲ ತಿಳಿಯದಿರಲೆಂದು ಬಚ್ಚಿಟ್ಟೆ. ನನಗೆ ಕುಳಿತುಕೊಳ್ಳಲು ಒಂದು ಸೀಟು ಕೊಟ್ಟೆ. ಬೇರೆ ಯಾರು ಮಾಡುತ್ತಿದ್ದರು ಅಷ್ಟು? ಹಾಳೆಗಳನ್ನು ನೆನೆಹಾಕಿದೆ. ಮೀನಿನ ತಟ್ಟೆಯನ್ನು ಶೆಡ್ಡಿನ ಯಜಮಾನಿ ನನಗೇ ಕೊಟ್ಟಳು, ಅಡುಗೆಮನೆಯ ಕಿಟಕಿಯಲ್ಲಿದೆ.

ನಿನ್ನ ಮಂಡಿನೋವು ಕಡಿಮೆಯಾಗಲಿ, ಮೊಮ್ಮಕ್ಕಳು ಚೆನ್ನಾಗಿರಲಿ. ಸಮುದ್ರದ ಗಾಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ನಮ್ಮ ಗಣಿಯವರ ಮಾತಿನಲ್ಲೇ ಹರಸುತ್ತೇನೆ, ಗ್ಲ್ಯೂಕ್ ಆಫ್.

ನಿನ್ನ
ಆನೆಗ್ರೆಟ್

ಮರೆತ ಮಾತು: ಲಕೋಟೆ ಅಂಟಿಸಿರಲಿಲ್ಲ, ಇವತ್ತು ಸೋಮವಾರ. ಟಾರ್ಸ್ಟೆನ್ ಉಗ್ರಾಣದ ಉಳಿದ ಪೆಟ್ಟಿಗೆಗಳನ್ನು ತಂದ. ತೆರೆದ ಪ್ರತಿಯೊಂದರಲ್ಲೂ ಮೀನು. ಪ್ರತಿಯೊಂದರಲ್ಲೂ ಹೊರಳಿದ ಹಾಳೆಗಳು. ಎಲ್ಲಕ್ಕಿಂತ ಹಳೆಯದರ ತಾರೀಖು ಆ ವರ್ಷದ ಏಪ್ರಿಲ್ ತಿಂಗಳದು, ಬೇಸಿಗೆಗೆ ಇನ್ನೂ ಎರಡು ತಿಂಗಳಿದ್ದಾಗಿನದು. ಅವನ ಕೈ ತಪ್ಪುತ್ತಿರುವುದು ಕಂಡೂ, ಒಂದೊಂದನ್ನೂ ಪರೀಕ್ಷಿಸಿ ಒಳಗಿಟ್ಟವನು ನೀನು. ಬೇಸಿಗೆಗೆ ಮುಂಚೆ ಬಂದಿದ್ದರೆ ಎಂದು ಡಾಕ್ಟರು ಹೇಳಿದಾಗ, ಹೆನ್ನಿಂಗ್, ನೀನು ನನ್ನ ಕೈ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದೆ.