ನಿನ್ನ ಅಮ್ಮನ ಪಕ್ಕದ ಕುರ್ಚಿ

ಅಥ್ಲೋನ್,
ಅಕ್ಟೋಬರ್ ೧೪, ಸೋಮವಾರ

ಪ್ರೀತಿಯ ಗ್ರಾನ್ಯಾಳಿಗೆ ದೊಡ್ಡಮ್ಮ ನೋರೀನಳ ಮುದ್ದು.

ಕಾರ್ಕ್‌ನಿಂದ ನೀನು ಬರೆದ ಕಾಗದ ಬಂತು. ಓದಿ ಕೋಪ ಬಂತು, ಟೀ ಕುಡಿದೆ, ಕೋಪ ಇಳಿಯಲಿಲ್ಲ, ಹಾಗಾಗಿ ಬರೆಯಲು ಕೂತಿದ್ದೇನೆ. ನಿನ್ನ ಅಮ್ಮ ಇಮೆಲ್ಡಾಳನ್ನು ವೃದ್ಧಾಶ್ರಮಕ್ಕೆ ಸೇರಿಸುವ ಮಾತನ್ನು ಇನ್ನೊಮ್ಮೆ ಎತ್ತಬೇಡ. ನಿನ್ನ ಅಪ್ಪ ತೀರಿಕೊಂಡಾಗಿನಿಂದ ಅವಳು ಸರಿಯಾಗಿ ಉಣ್ಣುವುದಿಲ್ಲ, ಹಾಸಿಗೆಗೆ ಹೋಗದೆ ಕೋಟು ತೊಟ್ಟುಕೊಂಡೇ ಅಡುಗೆಮನೆಯ ಕುರ್ಚಿಯಲ್ಲಿ ತೂಕಡಿಸುತ್ತಾಳೆ, ಎಲ್ಲ ನಿಜ. ಆದರೆ ಸಾಲು ಹಾಸಿಗೆ, ಗಂಟೆ ಹೊಡೆದಾಗ ಊಟ, ಹೇಳಿದಾಗ ನಿದ್ದೆ, ಇದನ್ನೆಲ್ಲ ಅವಳು ಆರನೆಯ ವಯಸ್ಸಿಗೇ ಕಂಡವಳು. ಮತ್ತೆ ಅಂಥ ಕಡೆ ಕಳಿಸಿದರೆ ಒಂದು ಚಳಿಗಾಲವನ್ನೂ ದಾಟುವುದಿಲ್ಲ.

ನಮ್ಮಿಬ್ಬರನ್ನೂ ಕನ್ಯಾಸ್ತ್ರೀಯರ ಆ ವಸತಿ ಶಾಲೆಗೆ ಹಾಕಿದ್ದರು ಎಂಬುದಷ್ಟೇ ನಿನಗೆ ಗೊತ್ತು. ಅಲ್ಲಿ ಅಕ್ಕತಂಗಿಯರು ಮಾತಾಡಿಕೊಳ್ಳುವಂತಿರಲಿಲ್ಲ. ಅವಳು ಚಿಕ್ಕವರ ಕಡೆ, ನಾನು ದೊಡ್ಡವರ ಕಡೆ. ಭಾನುವಾರ ಚರ್ಚಿನ ಬಲಿಪೂಜೆಯಲ್ಲಿ ನಾನು ಎರಡು ಸಲ ಕೆಮ್ಮುತ್ತಿದ್ದೆ. ಅವಳೂ ಎರಡು ಸಲ ಕೆಮ್ಮಿದರೆ ಚೆನ್ನಾಗಿದ್ದಾಳೆ ಎಂದು ಅರ್ಥ. ಒಂದು ಭಾನುವಾರ ಅವಳು ಕೆಮ್ಮಲಿಲ್ಲ. ಹಿಂದಿನ ದಿನ ಅವಳನ್ನು ಒಂದು ಕೋಣೆಗೆ ಕರೆದೊಯ್ದು ಬಾಗಿಲು ಹಾಕಿಕೊಂಡಿದ್ದರು ಎಂದು ಬೇರೆ ಹುಡುಗಿಯೊಬ್ಬಳು ಹೇಳಿದಳು. ಒಳಗೆ ಏನಾಯಿತೆಂದು ನಿನ್ನ ಅಮ್ಮ ಅರವತ್ತು ವರ್ಷದಿಂದ ಯಾರಿಗೂ ಹೇಳಿಲ್ಲ, ನಿನ್ನ ಅಪ್ಪನಿಗೂ ಹೇಳಿರಲಿಲ್ಲ, ನನಗೂ ಇಲ್ಲ.

ಅಂಥ ಶಾಲೆಗಳಲ್ಲಿ ಬೆಳೆದವರ ನೆರವಿಗೆಂದು ಇಲ್ಲೊಂದು ಕಚೇರಿ ತೆರೆದಿದ್ದಾರೆ. ನಾನು ಒಂದು ವರ್ಷದಿಂದ ಪ್ರತಿ ಗುರುವಾರ ಅಲ್ಲಿಗೆ ಹೋಗಿ, ಆಪ್ತ ಸಲಹೆಗಾರ್ತಿಯೊಬ್ಬಳ ಎದುರು ಹಳೆಯದನ್ನೆಲ್ಲ ಹೇಳಿಕೊಳ್ಳುತ್ತಿದ್ದೆ. ಮೊದಮೊದಲು ನಗು ಬರುತ್ತಿತ್ತು. ಮೂಗೊರೆಸುವ ಕಾಗದದ ಡಬ್ಬಿಯನ್ನು ಹತ್ತಿರ ಸರಿಸಿ, ಇನ್ನು ಅಳು ಅನ್ನುವ ಹಾಗೆ ನಮ್ಮ ಮುಖ ನೋಡುತ್ತಾರೆ. ಆದರೆ ಸುಳ್ಳೇಕೆ, ನನಗೆ ಒಳ್ಳೆಯದೇ ಆಯಿತು. ದೀಪ ಆರಿಸಿ ಮಲಗುವುದನ್ನು ಈ ವಯಸ್ಸಿನಲ್ಲಿ ಕಲಿತೆ. ಅದಕ್ಕೇ ಇಮೆಲ್ಡಾಳನ್ನೂ ಕೈಹಿಡಿದು ಕರೆದುಕೊಂಡು ಹೋದೆ.

ಫರ್ಗಸ್ ಅಂತ ಒಬ್ಬ ಅಲ್ಲಿನ ಉಸ್ತುವಾರಿ. ಅವನ ಅಜ್ಜಿಯ ವಯಸ್ಸಿನವರನ್ನೆಲ್ಲ ಹೆಸರು ಹಿಡಿದೇ ಕರೆಯುತ್ತಾನೆ. ತಂಗಿಯ ಜೊತೆ ನಾನೂ ಒಳಗೆ ಕೂರುತ್ತೇನೆ ಅಂದದ್ದಕ್ಕೆ, “ಆಗಲ್ಲ ನೋರೀನ್. ಇಬ್ಬರೂ ಅದೇ ಶಾಲೆಯವರು, ಒಬ್ಬರ ನೆನಪಿಗೆ ಇನ್ನೊಬ್ಬರದು ಬೆರೆತುಬಿಡುತ್ತೆ. ಅಲ್ಲಿ ಇಲ್ಲದೇ ಇದ್ದೋರು ಯಾರಾದ್ರೂ ಜೊತೇಲಿ ಕೂತ್ಕೊಳ್ಳಬಹುದು” ಅಂದ.

“ಅಲ್ಲಿ ಇಲ್ಲದೇ ಇದ್ದೋರ ಮುಂದೆ ಅವಳು ಬಾಯಿ ಬಿಡಲ್ಲ ಕಣಪ್ಪಾ” ಅಂದೆ. ನಿಯಮ ತಾನು ಮಾಡಿದ್ದಲ್ಲ ಎಂದ. ನಮ್ಮಿಬ್ಬರನ್ನು ಬೇರೆ ಮಾಡಿದ ಕನ್ಯಾಸ್ತ್ರೀಯೂ ಇದನ್ನೇ ಹೇಳುತ್ತಿದ್ದಳು ಅಂದುಬಿಟ್ಟೆ. ಪಾಪ, ಕಿವಿಯೆಲ್ಲ ಕೆಂಪಾಯಿತು. ಒಳ್ಳೆಯ ಹುಡುಗನೇ. ಒಳ್ಳೆಯವರ ಹತ್ತಿರ ಬಾಯಿ ತುಂಬ ಜಗಳವಾಡಲೂ ಆಗುವುದಿಲ್ಲ, ಅದೇ ಕಷ್ಟ.

ಅವಳೊಬ್ಬಳನ್ನೇ ಒಳಗೆ ಕೂರಿಸಿ ಬಾಗಿಲು ಹಾಕಿದರು. ಹೊರಗೆ ಬೆಂಚಿನ ಮೇಲೆ ಕೂತು ನಾನು ಎರಡು ಸಲ ಕೆಮ್ಮಿದೆ. ನಗಬೇಡ, ತಾನಾಗಿ ಬಂತು. ಒಳಗಿನಿಂದ ಸದ್ದಿಲ್ಲ. ಒಂದು ಗಂಟೆ ಕಳೆದು ಹೊರಗೆ ಬಂದವಳ ಮುಖ ಸುಣ್ಣದ ಹಾಗೆ ಬಿಳಿಚಿತ್ತು, ಒಂದು ಮಾತೂ ಆಡಿರಲಿಲ್ಲ. ಮುಂದಿನ ವಾರವೂ ಅದೇ, ಅದರ ಮುಂದಿನ ವಾರವೂ ಅದೇ. ಆಗ ಫರ್ಗಸ್ ನನ್ನನ್ನು ಪಕ್ಕಕ್ಕೆ ಕರೆದು, “ಇಮೆಲ್ಡಾ ಸಹಕರಿಸ್ತಿಲ್ಲ. ಹೀಗೇ ಆದ್ರೆ ಅವರ ಫೈಲು ಮುಚ್ಚಬೇಕಾಗುತ್ತೆ, ಕಾಯ್ತಿರೋರು ಬಹಳ ಜನ ಇದ್ದಾರೆ” ಅಂದ. ಸಹಕರಿಸುತ್ತಿಲ್ಲವಂತೆ! ಬಾಗಿಲು ಹಾಕಿದ ಕೋಣೆಯಲ್ಲಿ, ಗುರುತಿಲ್ಲದವರ ಎದುರು ಕೂರಿಸಿ, ಮಾತಾಡು ಎಂದರೆ ಅವಳಿಗೆ ಧ್ವನಿಯಾದರೂ ಎಲ್ಲಿಂದ ಬರಬೇಕು?

ಈಗ ಒಳ್ಳೆಯ ಸುದ್ದಿ ಕೇಳು. ಮೊನ್ನೆ ಗುರುವಾರ ನನ್ನನ್ನೂ ಒಳಗೆ ಬಿಟ್ಟರು. ಆ ಕಚೇರಿಯಲ್ಲಿ ಯಾರೂ ಹೆಚ್ಚು ದಿನ ನಿಲ್ಲುವುದಿಲ್ಲ. ಫರ್ಗಸ್‌ಗೆ ಬೇರೆ ಊರಿಗೆ ವರ್ಗವಾಗಿದೆ, ನಮ್ಮ ಕಥೆ ಕೇಳುತ್ತಿದ್ದವಳೂ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಈವ್ಲಿನ್ ಎಂಬ ಹೊಸಬಳು ಬಂದಿದ್ದಾಳೆ. ನಿಯಮ ಸ್ವಲ್ಪ ಸಡಿಲವಾಗಿದೆ ಎಂದಿಟ್ಟುಕೋ. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ, ಇಮೆಲ್ಡಾ ನನ್ನ ತೋಳು ಹಿಡಿದುಕೊಂಡಳು, ಮಾತಾಡಿದಳು. ಮೊದಲು ಒಂದೇ ಒಂದು ಮಾತು. ಆಮೇಲೆ ತಡೆದು ತಡೆದು, ಆ ಕೋಣೆಯ ವಿಷಯ. ಅವಳು ಹೇಳಿದ್ದು ಅವಳದು, ಹೇಳಬೇಕೆನಿಸಿದರೆ ನಿನಗೆ ಅವಳೇ ಹೇಳುತ್ತಾಳೆ. ಮನೆಗೆ ಬಂದು ಬೇಯಿಸಿದ ಆಲೂಗೆಡ್ಡೆಗೆ ಬೆಣ್ಣೆ ಹಚ್ಚಿಕೊಂಡು ತಿಂದಳು, ಉಪ್ಪು ಕಡಿಮೆಯಾಗಿದೆ ಎಂದು ನನಗೆ ಬೈದಳು. ಬೈಸಿಕೊಂಡು ನನಗೆ ಎಷ್ಟು ಸಂತೋಷವಾಯಿತೆಂದರೆ, ಹಿತ್ತಲಿಗೆ ಹೋಗಿ ಅತ್ತೆ.

ಆದ್ದರಿಂದ ಕ್ರಿಸ್‌ಮಸ್‌ವರೆಗಾದರೂ ತಡೆದುಕೋ. ಪ್ರತಿ ಗುರುವಾರ ಅವಳನ್ನು ನಾನೇ ಕರೆದೊಯ್ಯುತ್ತೇನೆ. ನನ್ನದನ್ನು ನಿಲ್ಲಿಸಿದ್ದೇನೆ. ಎಷ್ಟು ದಿನವೆಂದು ನನ್ನ ಬಗ್ಗೆ ನಾನೇ ಕೊರೆಯಲಿ? ನಾನು ಗಟ್ಟಿಮುಟ್ಟಾಗಿದ್ದೇನೆ.

ನಿನ್ನನ್ನು ಬೈಯುವ ಹಕ್ಕಿರುವ ದೊಡ್ಡಮ್ಮ,
ನೋರೀನ್

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಇದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ತಿಳಿಯದೆ ನೀನೇ ಎಲ್ಲ ಕೆಡಿಸಿಬಿಟ್ಟೀಯ. ನಿಯಮವೇನೂ ಸಡಿಲವಾಗಿಲ್ಲ. ನಾನೇ ಹೋಗಿ ಕಚೇರಿಯ ಪಟ್ಟಿಯಿಂದ ನನ್ನ ಹೆಸರು ತೆಗೆಸಿದೆ. ಒಮ್ಮೆ ತೆಗೆಸಿದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ. ಹಳಬರು ಯಾರೂ ಇಲ್ಲದ್ದರಿಂದ ನನ್ನ ಗುರುತು ಹಿಡಿಯುವವರಿಲ್ಲ. ಈವ್ಲಿನ್ “ನೀವೂ ಆ ಶಾಲೇಲಿ ಇದ್ರಾ?” ಎಂದು ಕೇಳಿದಾಗ, ಇಲ್ಲ, ನನ್ನನ್ನು ಅಜ್ಜಿ ಸಾಕಿದಳು ಎಂದೆ. “ನಿಮ್ಮ ಅದೃಷ್ಟ” ಎಂದಳು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಿಕ್ಕಿಬೀಳುತ್ತಿದ್ದೆ. ನಿನ್ನ ಅಮ್ಮ ಬಾಯಿ ಬಿಟ್ಟದ್ದು ಆಗಲೇ. ಆ ಜಾಗದ ಬಗ್ಗೆ ಅವಳು ಜನ್ಮದಲ್ಲಿ ಆಡಿದ ಮೊದಲ ಮಾತು: “ಹೌದು, ನಮ್ಮಕ್ಕ ಅಲ್ಲಿರಲಿಲ್ಲ. ನಾನೊಬ್ಬಳೇ ಇದ್ದೆ.” ಕಚೇರಿಯಿಂದ ನಿನಗೆ ಫೋನು ಬಂದರೆ, ನೀನೂ ಹಾಗೇ ಹೇಳು.