ಸೆರಗಿನ ತುಂಡು

ಆಂಟಾಪ್ ಹಿಲ್, ಮುಂಬಯಿ
ಫೆಬ್ರುವರಿ ೧೯೭೨

ಗುರಲಿಂಗಪ್ಪ ಮಾವನವರಿಗೆ ಅಣವೀರಪ್ಪನ ಶರಣು.

ಈ ಕಾಗದವನ್ನು ಅಕ್ಕನ ಮುಂದೆ ಓದಬೇಡಿ. ಏನು ಬರೆದಿದ್ದಾನೆಂದು ಕೇಳಿದರೆ, ಆರಾಮ ಇದ್ದಾನಂತೆ ಅನ್ನಿರಿ.

ಯುದ್ಧದಲ್ಲಿ ಕೆಟ್ಟ ಬಂದೂಕುಗಳು ಈಗ ನಮ್ಮ ವರ್ಕ್‌ಶಾಪಿಗೆ ಬರುತ್ತಿವೆ. ಬಂದಾಗ ಏನು ಕೆಟ್ಟಿದೆಯೆಂದು ನೋಡುವುದು, ರಿಪೇರಿಯಾದ ಮೇಲೆ ಪಾಸು ಮಾಡುವುದು ನನ್ನ ಕೆಲಸ. ಅವುಗಳ ಮೇಲೆ ನಂಬರು ಇರುತ್ತದೆ, ಹಿಡಿದವನ ಹೆಸರು ಇರುವುದಿಲ್ಲ. ಮೊನ್ನೆ ಬಂದ ಒಂದರ ಮರದ ಹಿಡಿ ಸೀಳಿತ್ತು. ಹೆಗಲಿಗೆ ಹಾಕುವ ಪಟ್ಟಿಗೆ ಕೆಂಪು ಸೆರಗಿನ ತುಂಡೊಂದನ್ನು ಗಂಟು ಹಾಕಿದ್ದರು. ಅಂಥದ್ದನ್ನೆಲ್ಲ ಕತ್ತರಿಸಿ ಕಸಕ್ಕೆ ಒಗೆಯಬೇಕು. ನಾನು ಬಿಚ್ಚಿ ಕಿಸೆಯಲ್ಲಿಟ್ಟುಕೊಂಡೆ.

ನಮ್ಮ ಭೀಮರಾಯ ಫೌಜಿಗೆ ಹೊರಟಾಗ ಅಕ್ಕ ತನ್ನ ಇಳಕಲ್ ಸೀರೆಯ ಸೆರಗು ಹರಿದು, "ಇದನ್ನ ಬಿಚ್ಚಬ್ಯಾಡೋ ನನ್ನಪ್ಪಾ" ಎಂದು ಮಗನ ಕೈಗೆ ಕಟ್ಟಿದ್ದಳಲ್ಲ. ಅವನ ಕಾಗದ ನಿಮಗೇನಾದರೂ ಬಂದಿದೆಯೇ? ನನಗೆ ಬಂದಿಲ್ಲ. ಇಳಕಲ್ ಸೆರಗು ಎಲ್ಲ ತಾಯಂದಿರದೂ ಕೆಂಪೇ ಇರುತ್ತದೆ. ಅದೊಂದೇ ಧೈರ್ಯದ ಮೇಲೆ ಇದ್ದೇನೆ.

ತುಂಡನ್ನು ಇದರೊಳಗೆ ಇಟ್ಟಿದ್ದೇನೆ. ಅಕ್ಕ ಮನೆಯಲ್ಲಿಲ್ಲದಾಗ ಟ್ರಂಕು ತೆಗೆದು, ಸೀರೆ ಹರಿದ ಜಾಗಕ್ಕೆ ಹಚ್ಚಿ ನೋಡಿ. ಕೂಡದಿದ್ದರೆ ಅವತ್ತೇ ಒಂದು ಕಾರ್ಡು ಹಾಕಿ. ಕೂಡಿದರೆ ಏನೂ ಬರೆಯಬೇಡಿ. ಕಾರ್ಡು ಬರದಿದ್ದರೆ ನಾನೇ ಹೊರಟು ಬರುತ್ತೇನೆ.

ಆ ಬಂದೂಕಿನ ರಿಪೇರಿ ಮುಗಿದಿದೆ. "ಯೇ ಕಬ್ ಪಾಸ್ ಕರೋಗೆ?" ಎಂದು ಸಾಹೇಬರು ದಿನಾ ಕೇಳುತ್ತಾರೆ. ಟ್ರಿಗರ್ ಸಿಕ್ಕಿಕೊಳ್ಳುತ್ತಿದೆ ಅನ್ನುತ್ತೇನೆ.

ಅದರಲ್ಲಿ ಯಾವ ದೋಷವೂ ಇಲ್ಲ, ಮಾವ.

ನಿಮ್ಮ ಕಾರ್ಡಿನ ದಾರಿ ಕಾಯುತ್ತಿರುವ,
ಅಣವೀರಪ್ಪ